ಎಫ್ ಸೀಟಿನ ಕಡೆಯ ಎಂಜಿನ್

ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ, ಬಾಗಿಲು ಕೂಡ ಮುಚ್ಚಿರಲಿಲ್ಲ. ಅಷ್ಟರಲ್ಲೇ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಮ್ಮ ಸೀಟಿನ ಕೆಳಗಿದ್ದ ಲೈಫ್ ಜಾಕೆಟ್ಟನ್ನು ಊದಿಸಿಕೊಂಡು ಕೂತಿದ್ದರು.

ಊದಿಸಿದರು ಎಂದರೆ ಅವರು ಒಪ್ಪುವುದಿಲ್ಲ. ಅದು ತಾನಾಗಿಯೇ ಊದಿಕೊಂಡಿತು ಎಂಬುದು ಅವರ ಇವತ್ತಿನವರೆಗಿನ ವಾದ. ಮೂವತ್ತೊಂದು ವರ್ಷದಿಂದ ಜನರಿಗೆ ಕಾರು ಕಲಿಸುತ್ತಿರುವ ಮನುಷ್ಯ. ಗಾಡಿ ಹತ್ತಿದ ಕೂಡಲೇ ಬ್ರೇಕು ಹಿಡಿಯುತ್ತದೆಯೇ, ಕನ್ನಡಿ ಸರಿಯಿದೆಯೇ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡುವುದು ರಕ್ತಕ್ಕೆ ಇಳಿದುಹೋದ ಅಭ್ಯಾಸ. ವಿಮಾನದ ಬ್ರೇಕು ಅವರ ಕೈಗೆ ಸಿಗುವಂತಿರಲಿಲ್ಲ, ಕನ್ನಡಿ ಇರಲೇ ಇಲ್ಲ. ಉಳಿದದ್ದು ಸೀಟಿನ ಕೆಳಗೆ ಜಾಕೆಟ್ ಇದೆಯೋ ಇಲ್ಲವೋ ಎಂದು ತಡಕಿ ನೋಡುವುದೊಂದೇ. ಬಗ್ಗಿ ಕೈ ಹಾಕಿದರು. ಇತ್ತು. ಹರಿದಿದೆಯೇನೋ ಎಂದು ಸ್ವಲ್ಪ ಎಳೆದರು. ಚೀಲ ಬಿಚ್ಚಿಕೊಂಡು ಹೊರಗೇ ಬಂತು. ಬಂದದ್ದರ ತುದಿಯಲ್ಲಿ ಒಂದು ಕೆಂಪು ಪಟ್ಟಿ ನೇತಾಡುತ್ತಿತ್ತು. ಕಣ್ಣೆದುರು ಪಟ್ಟಿ ನೇತಾಡುವಾಗ ಅದನ್ನು ಜಗ್ಗದೆ ಬಿಡುವ ಸಂಯಮವನ್ನು ದೇವರು ಎಲ್ಲರಿಗೂ ಕೊಟ್ಟಿರುವುದಿಲ್ಲ.

ಬುಸ್ ಎಂದು ಒಂದೇ ಒಂದು ಉಸಿರು. ಮರುಕ್ಷಣ ಮೇಷ್ಟ್ರ ಮಡಿಲಲ್ಲಿ ಕರುವಿನಷ್ಟು ದಪ್ಪದ ಹಳದಿ ವಸ್ತುವೊಂದು ಎದ್ದು ನಿಂತು ಅವರ ಗದ್ದವನ್ನು ಮೇಲಕ್ಕೆ ಒತ್ತಿಹಿಡಿಯಿತು. ಪಕ್ಕದ ಸೀಟಿನವರು ತಮ್ಮ ಪೇಪರನ್ನು ಮಡಚಿ, ಇಂಥದ್ದು ದಿನಾ ನೋಡುವವರಂತೆ ಕಿಟಕಿಯ ಕಡೆ ತಿರುಗಿಕೊಂಡರು. ಹಿಂದಿನಿಂದ ಒಂದು ಮಗು “ನಂಗೂ ಬೇಕು” ಎಂದಿತು.

ಮುಂದಿನ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಸ್ವಾಗತಿಸುತ್ತಿದ್ದ ಹಿರಿಯ ಪರಿಚಾರಕಿ ನಾಲ್ಕೇ ಹೆಜ್ಜೆಯಲ್ಲಿ ಹತ್ತಿರ ಬಂದಳು. ಆಕೆ ಮೇಷ್ಟ್ರ ನಾದಿನಿ. ಹೆಂಡತಿಯ ಒಡಹುಟ್ಟಿದ ತಂಗಿ. ಅದನ್ನು ಆಕೆ ಮುಖದ ಯಾವ ಮೂಲೆಯಲ್ಲೂ ತೋರಿಸಲಿಲ್ಲ.

“ಸರ್, ಈ ದಾರೀಲಿ ಸಮುದ್ರ ಇಲ್ಲ.”

“ಗೊತ್ತಮ್ಮ.”

“ಕೆರೆನೂ ಇಲ್ಲ.”

“ಅದು ತಾನಾಗೇ ಊದಿಕೊಳ್ತು.”

“ಆಗುತ್ತೆ ಸರ್. ಹೋದ ತಿಂಗಳು ಒಬ್ಬರ ಕೈಲಿ ಹೀಗೇ ಆಗಿತ್ತು. ಅವರಿಗೆ ಐದು ವರ್ಷ.”

ಸಿಬ್ಬಂದಿಯ ಮನೆಯವರಿಗೆಂದು ಕೊಡುವ ಟಿಕೆಟ್ಟಿನಲ್ಲಿ ಮೇಷ್ಟ್ರು ಹೊರಟಿದ್ದರು. ಎರಡು ಕಡೆ ಬ್ರೇಕಿರುವ ಹಳೆಯ ಕಾರೊಂದು ಇನ್ನೊಂದು ಊರಿನಲ್ಲಿ ಮಾರಾಟಕ್ಕಿತ್ತು. ಅದನ್ನು ನೋಡಿ ಬರುವ ಕೆಲಸ. ಹಿಂದಿನ ದಿನ ನಾದಿನಿ ಮೂರೇ ಮೂರು ಮಾತು ಹೇಳಿದ್ದಳು: ಸುಮ್ಮನೆ ಕೂತುಕೊಳ್ಳಿ, ನಾನು ನಿಮಗೇನಾಗಬೇಕು ಅಂತ ಯಾರಿಗೂ ಹೇಳಬೇಡಿ, ಏನನ್ನೂ ಮುಟ್ಟಬೇಡಿ. ಮೊದಲೆರಡನ್ನು ಅವರು ಇನ್ನೂ ಪಾಲಿಸುತ್ತಿದ್ದರು.

ಬೇರೆ ಜಾಕೆಟ್ ತರಿಸಬೇಕಾಯಿತು. ಅದಕ್ಕೊಬ್ಬ ಎಂಜಿನಿಯರು ಬಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಾಯಿತು. ಹೀಗೆ ಇಡೀ ವಿಮಾನ ಎಂಟು ನಿಮಿಷ ಮೇಷ್ಟ್ರಿಗಾಗಿ ಕಾದಿತು. ಆ ಎಂಟು ನಿಮಿಷ ಆಮೇಲೆ ಅವರ ಎದೆಯ ಮೇಲೆ ಕಲ್ಲಿನ ಹಾಗೆ ಕೂರಲಿತ್ತು. ಸದ್ಯಕ್ಕೆ ಕಿವಿ ಕೆಂಪಾಗಿ, ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು, ಇನ್ನು ಉಸಿರನ್ನೂ ಕೇಳಿಯೇ ಬಿಡಬೇಕು ಎಂಬ ತೀರ್ಮಾನಕ್ಕೆ ಬಂದಿದ್ದರು.

ಪತ್ರಿಕೆಯವರು ಈ ಕೆಲಸದವರನ್ನು ಗಗನಸಖಿ ಎಂದು ಬರೆಯುತ್ತಾರೆ. ಮೇಷ್ಟ್ರಿಗೆ ಆ ಪದ ಕಂಡಾಗಲೆಲ್ಲ ನಗು. ಅವರ ನಾದಿನಿ ಯಾರ ಸಖಿಯೂ ಅಲ್ಲ. ನಲವತ್ತಾರು ವಯಸ್ಸು, ಎತ್ತಿ ಕಟ್ಟಿದ ಕೂದಲು, ಮನೆಗೆ ಬಂದರೆ ಮೊದಲು ಗ್ಯಾಸ್ ಆರಿಸಿದೆಯೇ ಎಂದು ನೋಡಿ ಆಮೇಲೆ ಚಪ್ಪಲಿ ಬಿಡುವ ಜಾತಿ. ಇಪ್ಪತ್ತಮೂರು ವರ್ಷದಿಂದ ಇದೇ ಕೆಲಸ. ಕೆಲಸದ ಕಡೆ ಎಲ್ಲರೂ ಮೇಡಂ ಎನ್ನುತ್ತಾರೆ. ಮನೆಯಲ್ಲಿ ಮಾತ್ರ ಹೆಸರು ಬೇರೆ: ಉಲ್ಟಾ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಆಕೆಗೆ ಚಿಕ್ಕಂದಿನಿಂದ ಎಡ ಯಾವುದು, ಬಲ ಯಾವುದು ತಿಳಿಯುತ್ತಿರಲಿಲ್ಲ. ಶಾಲೆಯ ಕವಾಯತಿನಲ್ಲಿ ಇಡೀ ಸಾಲು ಬಲಕ್ಕೆ ತಿರುಗಿದರೆ ಈಕೆಯೊಬ್ಬಳು ಎಡಕ್ಕೆ ತಿರುಗಿ, ಪಕ್ಕದ ಹುಡುಗಿಯ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದಳಂತೆ. ಅಕ್ಕನ ಮದುವೆಯಾದ ಹೊಸತರಲ್ಲಿ ಭಾವ ಉತ್ಸಾಹದಿಂದ ಕಾರು ಕಲಿಸಲು ಕೂರಿಸಿಕೊಂಡರು. “ವಾಚ್ ಕಟ್ಟಿರೋ ಕೈ ಎಡ. ಅಷ್ಟು ನೆನಪಿಟ್ಟುಕೋ, ಸಾಕು” ಎಂದು ನೂರು ಸಲ ಹೇಳಿದರು. ಏಳನೇ ದಿನ ಹಿಟ್ಟಿನ ಗಿರಣಿಯ ಹತ್ತಿರ “ಎಡಕ್ಕೆ ತಗೋ” ಎಂದರು. ಆಕೆ ವಾಚು ನೋಡಿಕೊಳ್ಳಲು ಸ್ಟಿಯರಿಂಗಿನಿಂದ ಕೈ ತೆಗೆದಳು. ಗಿರಣಿಯ ಗೋಡೆಗೆ ಅವತ್ತು ಬಿದ್ದ ತೂತು ಎಷ್ಟೋ ವರ್ಷ ಕಿಟಕಿಯ ಕೆಲಸ ಮಾಡಿತು. ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಮೇಷ್ಟ್ರು ಈ ಕಥೆಯನ್ನು ಹೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು, ನಕ್ಕು, ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಈ ಕೆಲಸ ಸಿಕ್ಕಾಗ ತರಬೇತಿಯಲ್ಲೂ ಅದೇ ಪಾಡು. ದೊಡ್ಡದೊಂದು ಶೆಡ್ಡಿನಲ್ಲಿ ಅರ್ಧ ವಿಮಾನ ನಿಲ್ಲಿಸಿ, ಒಳಗೆ ಹೊಗೆ ತುಂಬಿಸಿ, ಎಡಕ್ಕೆ ಬೆಂಕಿ, ಬಲದ ಬಾಗಿಲು ತೆಗೆ ಎಂದರೆ, ಈಕೆ ಬೆಂಕಿಯಿದ್ದ ಬಾಗಿಲನ್ನೇ ಅಚ್ಚುಕಟ್ಟಾಗಿ ತೆಗೆದಳು. ಕಲಿಸುವವರು “ನೂರೆಂಬತ್ತು ಜನರನ್ನ ಒಂದೇ ಸಲ ಮುಗಿಸಿದೆಯಲ್ಲಮ್ಮ” ಎಂದು, ಸೋಮವಾರ ಇನ್ನೊಂದೇ ಅವಕಾಶ ಎಂದರು. ಭಾನುವಾರ ಇಡೀ ದಿನ ಆಕೆ ಅಕ್ಕನ ಹೊಲಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಸೋಮವಾರ ಪಾಸಾಗಿ ಬಂದಳು. ಆ ಭಾನುವಾರ ಒಳಗೆ ಏನಾಯಿತೆಂದು ಮೇಷ್ಟ್ರು ಕೇಳಿರಲಿಲ್ಲ. ಹೆಂಗಸರ ಅಳು, ಟೀ, ಸಮಾಧಾನ ಎಂದುಕೊಂಡಿದ್ದರು.

ಆದರೆ ಒಳಗೊಳಗೆ ಅವರಿಗೊಂದು ಅಳುಕು ಉಳಿದೇ ಇತ್ತು. ಒಮ್ಮೆ ಊಟದ ಹೊತ್ತಿನಲ್ಲಿ ಆಕೆಯೇ ಹೇಳಿದ್ದಳು: ಪೈಲಟ್‌ಗಳ ಮುಂದೆ ಮೀಟರಿನ ನೂರು ಮುಳ್ಳುಗಳಿದ್ದರೂ ಎಂಜಿನ್ ಮಾತ್ರ ಅವರ ಕಣ್ಣಿಗೆ ಕಾಣುವುದಿಲ್ಲ, ಏನಾದರೂ ಆದರೆ ಕೆಲವು ಸಲ ಒಳಗಿರುವ ನಮ್ಮನ್ನೇ ಕೇಳುತ್ತಾರೆ, ಯಾವ ಕಡೆ ಅಂತ. “ತಪ್ಪಿ ಚೆನ್ನಾಗಿರೋ ಎಂಜಿನ್ ಆರಿಸಿ ನಿಲ್ಲಿಸಿಬಿಟ್ಟರೆ?” ಎಂದು ಮೇಷ್ಟ್ರು ಕೇಳಿದ್ದರು. “ಒಂದು ಎಂಜಿನ್‌ನಲ್ಲಿ ಇಳಿಯಬಹುದು ಭಾವ. ಸೊನ್ನೆ ಎಂಜಿನ್‌ನಲ್ಲಿ ಸ್ವಲ್ಪ ಕಷ್ಟ” ಎಂದು ಆಕೆ ಮಜ್ಜಿಗೆ ಬಡಿಸಿದ್ದಳು. ಅವತ್ತು ಅವರಿಗೆ ಮಜ್ಜಿಗೆ ಇಳಿದಿರಲಿಲ್ಲ. ಯಾವ ಕಡೆ ಎಂದು ಲೋಕದಲ್ಲಿ ಯಾರನ್ನು ಬೇಕಾದರೂ ಕೇಳಲಿ, ಉಲ್ಟಾಳನ್ನು ಕೇಳುವ ದಿನ ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದರು.

ವಿಮಾನ ಓಡುದಾರಿಯ ತುದಿಗೆ ಬಂದು ನಿಂತಿತು. ಮೇಷ್ಟ್ರದು ಮೊದಲನೇ ಸಾಲು, ನಡುದಾರಿಯ ಪಕ್ಕ. ಅವರಿಗೆ ನೇರ ಎದುರಲ್ಲಿ, ಗೋಡೆಯಿಂದ ಮಡಚಿ ಇಳಿಸುವ ಪುಟ್ಟ ಸೀಟಿನಲ್ಲಿ, ನಾದಿನಿ ಪಟ್ಟಿ ಬಿಗಿದುಕೊಂಡು ಕೂತಳು. ಅವರ ಮುಖ ವಿಮಾನದ ಮೂತಿಯ ಕಡೆ, ಆಕೆಯ ಮುಖ ಬಾಲದ ಕಡೆ. ಆಕೆ ಅಂಗೈ ಮೇಲೆ ಮಾಡಿ ಕೈಗಳನ್ನು ತೊಡೆಯ ಕೆಳಗಿಟ್ಟು, ಬೆನ್ನು ಗೋಡೆಗೊತ್ತಿ, ತುಟಿ ಸ್ವಲ್ಪವೇ ಅಲುಗಿಸುತ್ತ ಏನನ್ನೋ ಹೇಳಿಕೊಳ್ಳತೊಡಗಿದಳು. ಏರುವಾಗ, ಇಳಿಯುವಾಗ ಅರ್ಧ ನಿಮಿಷ ಪ್ರತಿಯೊಬ್ಬ ಸಿಬ್ಬಂದಿಯೂ ಹೀಗೆ ಮನಸ್ಸಿನಲ್ಲೇ ಒಪ್ಪಿಸಬೇಕು: ಈಗಲೇ ಏನಾದರೂ ಆದರೆ ನನ್ನ ಬಾಗಿಲು ಯಾವುದು, ಹಿಡಿ ಎಲ್ಲಿದೆ, ಮೊದಲು ಏನು ಕೂಗಬೇಕು. ಹತ್ತಿಪ್ಪತ್ತು ಸಾವಿರ ಸಲ ಒಪ್ಪಿಸಿದ್ದರೂ ಇವತ್ತು ಮತ್ತೆ ಒಪ್ಪಿಸಬೇಕು. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ನನಗೆ ಬಯ್ಯುತ್ತಿದ್ದಾಳೆ ಎಂದುಕೊಂಡರು.

ವಿಮಾನ ಓಡಿತು. ಮೇಷ್ಟ್ರ ಕಾಲು ತನ್ನಷ್ಟಕ್ಕೆ ತಾನೇ ಬ್ರೇಕು ಒತ್ತಿತು. ಕಲಿಯುವವರ ಪಕ್ಕ ಕೂತು ಕೂತು ಆ ಕಾಲಿಗೆ ಬೇರೆ ಗತಿಯಿಲ್ಲ. ವೇಗ ಹೆಚ್ಚಿದಷ್ಟೂ ಒತ್ತುತ್ತದೆ. ಮುಂದಿನ ತಡಿಕೆಯ ಬುಡಕ್ಕೆ ಬೂಟು ಒತ್ತಿಹಿಡಿದಿದ್ದರೂ ವಿಮಾನ ಅವರ ಮಾತು ಕೇಳದೆ ಮೇಲೆದ್ದಿತು.

ಎದ್ದು ಒಂದು ನಿಮಿಷವೂ ಆಗಿರಲಿಲ್ಲ. ದಬ್. ಒದ್ದೆ ಗೋಣಿಚೀಲವನ್ನು ಗೋಡೆಗೆ ಎಸೆದ ಹಾಗೆ. ಮತ್ತೊಂದು ದಬ್. ಆಮೇಲೆ ಹಿಂದಿನಿಂದ ಪಟ್, ಪಟ್, ಪಟ್ ಎಂದು ಹಳೆಯ ಲಾರಿ ಕೆಮ್ಮಿದಂಥ ಶಬ್ದ. ಇಡೀ ನೆಲ ನಡುಗತೊಡಗಿತು. ಕೂದಲು ಸುಟ್ಟ ವಾಸನೆ ತಣ್ಣಗೆ ಗಾಳಿಯ ತೂತುಗಳಿಂದ ಇಳಿದು ಬಂತು. “ಬೆಂಕಿ, ಬೆಂಕಿ” ಎಂದು ಹಿಂದೆ ಯಾರೋ ಕೂಗಿದರು.

ಮೇಷ್ಟ್ರು ನಾದಿನಿಯ ಮುಖ ನೋಡಿದರು. ಆಕೆ ಏಳಲಿಲ್ಲ. ಅದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದದ್ದು. ಮನೆಯಲ್ಲಿ ಹಾಲು ಉಕ್ಕಿದರೆ ಎರಡು ಕೋಣೆ ಹಾರಿ ಬರುವವಳು, ವಿಮಾನ ನಡುಗುತ್ತಿದ್ದರೆ ಕಲ್ಲಿನಂತೆ ಕೂತಿದ್ದಳು. ಆಕೆಯ ಕಣ್ಣು ಮಾತ್ರ ಮೇಷ್ಟ್ರ ತಲೆಯ ಮೇಲಿಂದ ಹಾದು ಹಿಂದಿನ ಸಾಲುಗಳನ್ನು, ಎರಡೂ ಬದಿಯ ಕಿಟಕಿಗಳನ್ನು ಒಂದೊಂದಾಗಿ ಎಣಿಸಿ ಬಂತು. ಈ ಹೊತ್ತಿನಲ್ಲಿ ಮೂತಿಯಲ್ಲಿ ಕೂತಿರುವ ಇಬ್ಬರಿಗೆ ವಿಮಾನ ಹಾರಿಸುವುದೊಂದೇ ಕೆಲಸ. ಹೇಳುವಂಥದ್ದಿದ್ದರೆ ಹೇಳಬೇಕು, ಇಲ್ಲದಿದ್ದರೆ ಅವರ ತಲೆ ತಿನ್ನಬಾರದು. ಸುಮ್ಮನಿರುವುದೂ ಆಕೆಯ ಕೆಲಸದ ಭಾಗ.

ಟಿಂಗ್ ಎಂದಿತು. ಆಕೆ ತಲೆಯ ಪಕ್ಕದ ಫೋನು ತೆಗೆದಳು. ಮೇಷ್ಟ್ರಿಗೆ ಒಂದು ಕಡೆಯ ಮಾತಷ್ಟೇ ಕೇಳಿಸಿತು.

“ಹೌದು ಕ್ಯಾಪ್ಟನ್. ಎರಡು ಹೊಡೆತ. ವಾಸನೆ ಇದೆ, ಒಳಗೆ ಹೊಗೆ ಇಲ್ಲ. ಹೌದು, ಬೆಂಕಿ ಕಾಣಿಸ್ತು, ಬಿಟ್ಟು ಬಿಟ್ಟು ಬರ್ತಿದೆ.”

ಆ ಕಡೆಯಿಂದ ಏನೋ ಕೇಳಿದರು. ಏನು ಕೇಳಿದರೆಂದು ಮೇಷ್ಟ್ರಿಗೆ ಯಾರೂ ಹೇಳಬೇಕಿರಲಿಲ್ಲ. ಯಾವ ಕಡೆ, ಅಂತ.

ನಾದಿನಿ ವಾಚ್ ಕಟ್ಟಿದ ಕೈಯನ್ನು ಅರ್ಧ ಮೇಲೆತ್ತಿದಳು. ಆ ಕಡೆ ತೋರಿಸುವವಳಂತೆ ಬೆರಳು ಚಾಚಿದಳು. ಹೇಳಿದಳು: “ಎಫ್ ಕಡೆ. ಬಲ ಎಂಜಿನ್.”

ವಾಚ್ ಕಟ್ಟಿದ ಕೈ. ಎಡ. ತೋರಿಸಿದ್ದು ಎಡ, ಹೇಳಿದ್ದು ಬಲ. ಮೇಷ್ಟ್ರ ಕಣ್ಣ ಮುಂದೆ ಹಿಟ್ಟಿನ ಗಿರಣಿಯ ಗೋಡೆ ಎದ್ದು ನಿಂತಿತು.

“ಎಡ ಕಣೇ” ಎಂದರು. ಪಟ ಪಟ ಸದ್ದಿನಲ್ಲಿ ಅದು ಮುಳುಗಿಹೋಯಿತು. “ಅದು ಎಡಗೈ. ಎಡ.”

ಆಕೆ ಫೋನು ಇಟ್ಟಾಗಿತ್ತು. ತಕ್ಷಣ ಹಿಂಬದಿಯ ಸಿಬ್ಬಂದಿಗೆ ಫೋನು ಮಾಡಿ ಮಾತಾಡಿದಳು. ವಿಮಾನ ಸ್ವಲ್ಪ ನೆಟ್ಟಗಾದ ಮೇಲೆ ಕ್ಯಾಪ್ಟನ್ ಮತ್ತೆ ಕರೆದರು. ಈ ಸಲ ಆಕೆ ಮಡಚಿದ ಚೀಟಿಯ ಮೇಲೆ ಬರೆದುಕೊಂಡಳು. ಬರೆದದ್ದನ್ನು ಶಾಲೆಯ ಮಗು ಪಾಠ ಒಪ್ಪಿಸಿದಂತೆ ಅವರಿಗೇ ತಿರುಗಿ ಒಪ್ಪಿಸಿದಳು. “ಹಕ್ಕಿ ಹೊಡೆದಿದೆ. ಒಂದು ಎಂಜಿನ್ ಆರಿಸ್ತೀರಿ. ಹೊರಟ ಕಡೆಗೇ ವಾಪಸ್. ಹದಿನೆಂಟು ನಿಮಿಷ. ಮಾಮೂಲಿ ಥರಾನೇ ಇಳಿಯೋದು, ಬೆಂಕಿ ಆರಿಸೋ ಗಾಡಿಗಳು ಪಕ್ಕದಲ್ಲಿ ಬರ್ತವೆ. ಸರಿ.” ವಾಚು ನೋಡಿಕೊಂಡಳು.

ಒಂದು ಎಂಜಿನ್ ಆರಿಸ್ತೀರಿ. ಆ ಮಾತು ಮೇಷ್ಟ್ರ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಯಾವುದನ್ನು? ಇವಳು ಹೇಳಿದ್ದನ್ನು. ಅಂದರೆ ಚೆನ್ನಾಗಿರುವುದನ್ನು. ಇಡೀ ವಿಮಾನದಲ್ಲಿ ಈ ಸತ್ಯ ಗೊತ್ತಿರುವವನು ತಾನೊಬ್ಬನೇ. ಹೇಳಿದರೆ ಇಪ್ಪತ್ತಮೂರು ವರ್ಷ ಯಾರಿಗೂ ತಿಳಿಯದ ಆಕೆಯ ಗುಟ್ಟು ಬಯಲಾಗುತ್ತದೆ, ಕೆಲಸ ಹೋಗುತ್ತದೆ. ಹೇಳದಿದ್ದರೆ ಕೆಲಸದ ಜೊತೆಗೆ ಉಳಿದದ್ದೂ ಹೋಗುತ್ತದೆ, ಅದರಲ್ಲಿ ತಾವೂ ಇದ್ದಾರೆ. ಎಂಟು ನಿಮಿಷ ಮುಂಚೆ ಹೊರಟಿದ್ದರೆ ಈ ಹಕ್ಕಿ ಎಲ್ಲಿರುತ್ತಿತ್ತೋ. ಕೆಂಪು ಪಟ್ಟಿ ಜಗ್ಗಿದ ಬೆರಳುಗಳನ್ನು ಅವರು ಶತ್ರುಗಳನ್ನು ನೋಡುವಂತೆ ನೋಡಿಕೊಂಡರು. ಆಮೇಲೆ ಅದೇ ಬೆರಳಿನಿಂದ ತಲೆಯ ಮೇಲಿನ ಗುಂಡಿ ಒತ್ತಿದರು. ಒತ್ತಿದರು, ಒತ್ತಿದರು.

ನಾದಿನಿ ಬಂದಳು. ಓಡಿ ಬರಲಿಲ್ಲ. ಆ ಕೆಲಸದವರು ಇಂಥ ಹೊತ್ತಿನಲ್ಲಿ ಓಡುವಂತಿಲ್ಲ. ಜನ ಅವರ ನಡಿಗೆ ನೋಡಿಯೇ ವಿಮಾನದ ಆರೋಗ್ಯ ತಿಳಿಯುತ್ತಾರೆ. ನಗುವೂ ಅಳತೆಯದ್ದು: ಹೆಚ್ಚು ನಕ್ಕರೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರೆ, ನಗದಿದ್ದರೆ ಮುಗಿಯಿತು ಎನ್ನುತ್ತಾರೆ.

“ಹೇಳಿ ಸರ್.”

ಮೇಷ್ಟ್ರು ಆಕೆಯ ತೋಳು ಹಿಡಿದು ಬಗ್ಗಿಸಿದರು. ಪಿಸುಮಾತಿನಲ್ಲಿ, “ಉಲ್ಟಾ, ನೀನು ಬಲ ಅಂದೆ. ತೋರಿಸಿದ್ದು ವಾಚಿನ ಕೈ. ಅದು ಎಡ. ಈಗ್ಲೇ ಹೋಗಿ ಹೇಳು, ತಪ್ಪಾಯ್ತು ಅಂತ. ನಾನು ಯಾರ ಹತ್ರನೂ ಬಾಯಿ ಬಿಡಲ್ಲ.”

ಆಕೆ ಒಂದು ಕ್ಷಣ ಅವರನ್ನೇ ನೋಡಿದಳು. ಅಷ್ಟು ಹೊತ್ತೂ ಅಲುಗದ ಮುಖದಲ್ಲಿ, ಕಣ್ಣಿನ ಕೆಳಗೆ ಎಲ್ಲೋ ಒಂದು ನರ ಮಿಡಿಯಿತು. ಶಾಲೆಯ ಅಂಗಳದಲ್ಲಿ ಒಬ್ಬಳೇ ಬೇರೆ ಕಡೆ ತಿರುಗಿ ನಿಂತ ಹುಡುಗಿ ಅಲ್ಲಿ ಬಂದು ಹೋದಳು. ಮೇಷ್ಟ್ರಿಗೆ ಅದು ಕಂಡಿತು. ಕಂಡು, ತಾವು ಹೇಳಿದ್ದು ನಿಜವೇ ಎಂದು ಇನ್ನೂ ಗಟ್ಟಿಯಾಯಿತು.

“ಬೆಲ್ಟ್ ಇನ್ನೂ ಸ್ವಲ್ಪ ಬಿಗಿ ಮಾಡ್ಕೊಳಿ ಸರ್” ಎಂದು ಆಕೆ ಹಿಂದಕ್ಕೆ ನಡೆದಳು.

ಮೇಷ್ಟ್ರು ಕತ್ತು ಹೊರಳಿಸಿ ನೋಡಿದರು. ಆಕೆ ರೆಕ್ಕೆಯ ನೇರಕ್ಕಿದ್ದ ಹನ್ನೊಂದನೇ ಸಾಲಿನಲ್ಲಿ ನಿಂತಳು. ನಿಂತು, ಮೊದಲು ಪೂರ್ತಿ ತಿರುಗಿ ವಿಮಾನದ ಮೂತಿಯ ಕಡೆ ಮುಖ ಮಾಡಿದಳು. ಆಮೇಲೆ ತಲೆಯ ಮೇಲೆ ಸೀಟಿನ ಅಕ್ಷರ ಬರೆದಿರುವ ಪಟ್ಟಿಗೆ ಬೆರಳಿಟ್ಟಳು. ಕಿಟಕಿಯ ಪಕ್ಕ ಉಣ್ಣೆಯ ಟೋಪಿ ಹಾಕಿದ ಅಜ್ಜಿಯೊಬ್ಬರು ಕೂತಿದ್ದರು. ಅವರ ಮೇಲಿಂದ ಬಗ್ಗಿ ಹೊರಗೆ ನೋಡಿದಳು, ಅಜ್ಜಿಯನ್ನು ಏನೋ ಕೇಳಿದಳು. ಅಜ್ಜಿ ಕಿಟಕಿಗೆ ಬೆರಳು ಬಡಿದು ಬಡಿದು ವಿವರಿಸಿದರು. ಆಚೆ ಕಡೆಯ ಕಿಟಕಿಗೂ ಹೋಗಿ ನೋಡಿದಳು. ಬಂದದ್ದಕ್ಕಿಂತ ವೇಗವೂ ಇಲ್ಲ, ನಿಧಾನವೂ ಇಲ್ಲದೆ ತಿರುಗಿ ಬಂದು ಫೋನು ತೆಗೆದಳು.

ಬುದ್ಧಿ ಬಂತು, ಸದ್ಯ, ಎಂದು ಮೇಷ್ಟ್ರು ಉಸಿರು ಬಿಟ್ಟರು.

“ಕ್ಯಾಪ್ಟನ್, ಮತ್ತೆ ನೋಡಿ ಬಂದು ಹೇಳ್ತಿದೀನಿ. ಎಫ್ ಕಡೆ. ಬಲ. ಎಡಗಡೆ ಏನೂ ಕಾಣಿಸ್ತಿಲ್ಲ.”

ಬಿಟ್ಟ ಉಸಿರನ್ನು ಮೇಷ್ಟ್ರು ತಿರುಗಿ ತೆಗೆದುಕೊಳ್ಳಲು ಮರೆತರು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಒಂದು ಕಡೆಯ ಮೊರೆತ ಇಳಿದು, ಇಡೀ ವಿಮಾನ ಸದ್ದು ಕಡಿಮೆ ಮಾಡಿದ ರೇಡಿಯೋದಂತಾಯಿತು. ಜನ ಸಮಾಧಾನದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಮಾತ್ರ ಆ ಮೌನದ ಅರ್ಥ ಬೇರೆ. ಚೆನ್ನಾಗಿದ್ದದ್ದು ನಿಂತಿತು, ಉಳಿದದ್ದು ಹಕ್ಕಿ ನುಂಗಿದ್ದು, ಅದು ಇನ್ನೆಷ್ಟು ಹೊತ್ತು. ಮನಸ್ಸಿನಲ್ಲೇ ಹೆಂಡತಿಗೆ ಕಾಗದ ಬರೆದರು. ನಿನ್ನ ತಂಗಿಯ ಮೇಲೆ ನನಗೇನೂ ಸಿಟ್ಟಿಲ್ಲ, ಎಂದು ಶುರು ಮಾಡಿ, ಅದು ಪೂರ್ತಿ ನಿಜವಲ್ಲ ಅನ್ನಿಸಿ ಹೊಡೆದುಹಾಕಿದರು. ಡ್ರೈವಿಂಗ್ ಸ್ಕೂಲಿನ ಕಾರಿನ ಕ್ಲಚ್ಚು ಸ್ವಲ್ಪ ಜಾರುತ್ತದೆ, ಕೊಳ್ಳುವವರಿಗೆ ಹೇಳಿಯೇ ಮಾರು, ಎಂದು ಬರೆದರು. ಗಿರಣಿಯ ಕಥೆಯನ್ನು ಅಷ್ಟು ಸಲ ಹೇಳಬಾರದಿತ್ತು ಎಂದು ಬರೆಯಲು ಹೊರಟು, ಹೇಳಿದ್ದರಲ್ಲಿ ತಪ್ಪೇನಿದೆ, ಅದೇ ಇವತ್ತು ನಿಜವಾಗುತ್ತಿದೆಯಲ್ಲ ಎಂದು ನಿಲ್ಲಿಸಿದರು.

ಅತ್ತ ನಾದಿನಿ ಮೈಕಿನಲ್ಲಿ ಹೇಳುತ್ತಿದ್ದಳು: “ಒಂದು ಹಕ್ಕಿ ನಮ್ಮ ಎಂಜಿನ್‌ಗೆ ತಗುಲಿದೆ. ಹೊರಟ ಜಾಗಕ್ಕೇ ಇನ್ನು ಸ್ವಲ್ಪ ಹೊತ್ತಿನಲ್ಲಿ ಇಳೀತೀವಿ. ಪಕ್ಕದಲ್ಲಿ ಬೆಂಕಿ ಆರಿಸೋ ಗಾಡಿಗಳು ಓಡಿ ಬರೋದು ಕಾಣಿಸುತ್ತೆ. ಅವು ಬರೋದು ವಾಡಿಕೆ, ನೋಡಿ ಗಾಬರಿಯಾಗಬೇಡಿ. ನಾವು ಹೇಳೋವರೆಗೆ ಯಾರೂ ಏಳಬೇಡಿ.” ಅಕ್ಕಿ ತೀರಿದೆ, ನಾಳೆ ತರಿಸಬೇಕು ಎನ್ನುವಷ್ಟೇ ದನಿ. ಆಮೇಲೆ ಪ್ರತಿ ಸಾಲಿನಲ್ಲೂ ಬೆಲ್ಟು ಮುಟ್ಟಿ ನೋಡುತ್ತ ಹೋದಳು. ಅಳುತ್ತಿದ್ದ ಒಬ್ಬ ಹೆಂಗಸಿಗೆ ಏನೂ ಹೇಳದೆ ಹೆಗಲ ಮೇಲೆ ಕೈಯಿಟ್ಟು ನಿಂತು ಹೋದಳು. ವಿಡಿಯೋ ತೆಗೆಯುತ್ತಿದ್ದವನೊಬ್ಬನಿಗೆ, “ಸರ್, ಇಳಿಯೋವಾಗ ಅದು ಹಾರಿ ನಿಮ್ಮ ಮೂಗಿಗೇ ಬರುತ್ತೆ, ಒಳಗಿಡಿ” ಎಂದಳು. ಕೊನೆಗೆ ಬಂದು ಎದುರಿನ ಪುಟ್ಟ ಸೀಟಿನಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗಿಟ್ಟು, ಮತ್ತೆ ತುಟಿಯಲ್ಲೇ ಒಪ್ಪಿಸತೊಡಗಿದಳು. ಈ ಸಲ ಮೇಷ್ಟ್ರೂ ಜೊತೆಗೆ ತುಟಿ ಅಲುಗಿಸಿದರು. ಅವರು ಒಪ್ಪಿಸುತ್ತಿದ್ದುದು ಬೇರೆ.

ನೆಲ ತಾಗಿತು. ಮೇಷ್ಟ್ರು ಎರಡೂ ಕಾಲಿನಿಂದ ಬ್ರೇಕು ಒತ್ತಿದರು. ಬಲಗಾಲಿನ ಬೂಟಿನ ಅಟ್ಟೆ ಕಿತ್ತುಕೊಂಡು ಬಂತು. ವಿಮಾನ ನಿಂತಿತು. ಅದರಲ್ಲಿ ತಮ್ಮ ಪಾಲೂ ಇದೆ ಎಂಬ ಅಭಿಪ್ರಾಯವನ್ನು ಅವರು ಈಗಲೂ ಪೂರ್ತಿ ಬಿಟ್ಟಿಲ್ಲ.

ಹತ್ತಿದ ಬಾಗಿಲಿನಿಂದಲೇ ಮೆಟ್ಟಿಲಿಳಿಸಿ ಎಲ್ಲರನ್ನೂ ಬಸ್ಸಿಗೆ ತುಂಬಿಸಿದರು. ಬದುಕಿದ ಸಂತೋಷ ಒಂದು ನಿಮಿಷ ಉಳಿಯಿತು. ಆಮೇಲೆ ಮೇಷ್ಟ್ರಿಗೆ ತಾವು ಹೇಳಿದ್ದೇ ಸರಿ ಎಂದು ಸಾಧಿಸಬೇಕು ಅನ್ನಿಸತೊಡಗಿತು. ತಪ್ಪು ಎಂಜಿನ್ ಆರಿಸಿದರೂ ಹೇಗೋ ಇಳಿದೆವು, ಪೈಲಟ್ ಗಟ್ಟಿಗ, ಎಂದು ಮನಸ್ಸಿನಲ್ಲೇ ಲೆಕ್ಕ ಹೊಂದಿಸಿಕೊಂಡರು. ಬಸ್ಸು ವಿಮಾನದ ಮೂತಿಯನ್ನು ಸುತ್ತಿಕೊಂಡು ಬಂದು, ಬೆಂಕಿ ಆರಿಸುವ ಗಾಡಿಯೊಂದಕ್ಕೆ ದಾರಿ ಬಿಡಲು ನಿಂತಿತು. ಕಿಟಕಿಯಾಚೆ ಇಡೀ ವಿಮಾನ ಎದುರಿಗೆ ನಿಂತು ಇವರನ್ನೇ ದಿಟ್ಟಿಸುತ್ತಿತ್ತು. ಒಂದು ಎಂಜಿನ್ನಿನ ಬಾಯಲ್ಲಿ ಕಪ್ಪು ಕಲೆ, ಫ್ಯಾನಿನ ಬಾಗಿದ ಅಲಗುಗಳು, ಅಂಟಿಕೊಂಡ ಪುಕ್ಕ. ಕೈಗವಸು ಹಾಕಿದವನೊಬ್ಬ ಪುಕ್ಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಆ ಎಂಜಿನ್ ಮೇಷ್ಟ್ರ ಎಡಗಡೆಗಿತ್ತು.

“ನೋಡಿ, ನೋಡಿ” ಎಂದರು, ಯಾರಿಗೆಂದಿಲ್ಲದೆ. “ಎಡ ಎಂಜಿನ್ನೇ. ನಾನು ಅಲ್ಲೇ ಹೇಳಿದ್ದೆ, ಎಡ ಅಂತ.”

ಪಕ್ಕದಲ್ಲಿ ಉಣ್ಣೆಯ ಟೋಪಿಯ ಅಜ್ಜಿ ಬಸ್ಸಿನ ಕಂಬ ಹಿಡಿದು ನಿಂತಿದ್ದರು. “ಎಲ್ಲಪ್ಪ ಎಡ? ನಂದು ಎಫ್ ಸೀಟು. ನನ್ನ ಮಗ್ಗುಲಲ್ಲೇ ಉಗುಳ್ತಲ್ಲ ಬೆಂಕಿ. ಬಲಗಡೆ.”

“ಇಲ್ಲಮ್ಮ, ಕಣ್ಣಿಗೆ ಕಾಣ್ತಿದೆಯಲ್ಲ, ಎಡ.”

“ಅದು ನಮ್ಮನ್ನ ನೋಡ್ಕೊಂಡು ನಿಂತಿದೆಯಪ್ಪ. ಅದಕ್ಕೂ ಒಂದು ಬಲ ಅಂತ ಇರಲ್ವಾ?”

ಮೇಷ್ಟ್ರಿಗೆ ತಮ್ಮದೇ ಮಾತು ನೆನಪಾಯಿತು. ಎದುರಿಗೆ ಬರುವ ಗಾಡಿಯ ಬಲ ಇಂಡಿಕೇಟರು ನಿಮಗೆ ಎಡಕ್ಕೆ ಕಾಣುತ್ತದೆ, ಮೋಸ ಹೋಗಬೇಡಿ. ಇದು ಅವರ ಡ್ರೈವಿಂಗ್ ಸ್ಕೂಲಿನ ಮೂರನೇ ದಿನದ ಪಾಠ. ಮೂವತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಜನಕ್ಕೆ ಹೇಳಿದ್ದಾರೋ. ಎದುರಿಗೆ, ಹಿಮ್ಮುಖ ಕೂತವಳ ವಾಚಿನ ಕೈ ತೋರಿಸುವುದು ವಿಮಾನದ ಯಾವ ಕಡೆಯನ್ನು? ಬಸ್ಸಿನಲ್ಲೇ ತಮ್ಮ ಕೈಯನ್ನು ಮೆಲ್ಲಗೆ ಎತ್ತಿ, ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ ತಿರುಗಿ ನೋಡಿಕೊಂಡರು. ಅಜ್ಜಿ ಸ್ವಲ್ಪ ದೂರ ಸರಿದು ನಿಂತರು.

ಎರಡು ಗಂಟೆಯ ನಂತರ, ಸಿಬ್ಬಂದಿಯ ಕೋಣೆಯ ಹೊರಗಿನ ಉದ್ದನೆಯ ಹಾದಿಯಲ್ಲಿ ಮೇಷ್ಟ್ರು ಅಟ್ಟೆ ಬಿಟ್ಟ ಬೂಟಿನಲ್ಲಿ ಪಟ ಪಟ ಎಂದು ಅತ್ತಿಂದಿತ್ತ ಓಡಾಡುತ್ತಿದ್ದರು. ಮನೆಗೆ ಆಗಲೇ ಫೋನು ಮಾಡಿದ್ದರು. ಹೆಂಡತಿ ಎಲ್ಲ ಕ್ಷೇಮ ಎಂದು ಗೊತ್ತಾದ ಮೇಲೆ ಮೊದಲು ಅತ್ತು, ಆಮೇಲೆ ಪೂರ್ತಿ ಕೇಳಿ, ಆಮೇಲೆ ಹೇಳಿದ್ದಳು: “ರೀ, ಅವತ್ತು ಭಾನುವಾರ ನಾನೇ ಅಲ್ವಾ ಹೇಳಿಕೊಟ್ಟಿದ್ದು. ಹೊಲಿಗೆಯವರು ಎಡ ಬಲ ನಂಬಲ್ಲ ಕಣೇ ಅಂತ. ತೊಡೋವರ ಎಡ ಬೇರೆ, ಎದುರು ನಿಂತು ಅಳತೆ ತಗೊಳ್ಳೋವರ ಎಡ ಬೇರೆ. ಬಟ್ಟೆ ಮಗುಚಿದ್ರೆ ಮೂರನೇದು. ಅದಕ್ಕೇ ನಾನು ತೋಳಿಗೆಲ್ಲ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿಡ್ತೀನಿ. ನಿಮ್ಮ ವಿಮಾನದಲ್ಲಿ ಅಕ್ಷರ ಬರೆದಿರೋದು ಏನಾದ್ರೂ ಇದೆಯಾ ನೋಡೇ ಅಂದೆ. ಸೀಟಿಗೆ ಇದೆ ಅಕ್ಕ ಅಂದ್ಲು. ಎ ಕಡೆ ಎಡ, ಎಫ್ ಕಡೆ ಬಲ. ಯಾವ ಕಡೆ ತಿರುಗಿ ಕೂತರೂ ಅಕ್ಷರ ತಿರುಗಲ್ವಲ್ಲ.” ಕೊನೆಗೆ, “ನೀವು ಅವಳಿಗೆ ವಾಚು ಅಂತ ಹೇಳಿಕೊಟ್ರಿ” ಎಂದಿದ್ದಳು.

ಆ ಕೋಣೆ ತಮ್ಮ ಮನೆಯದೇ. ಆ ಸೀಮೆಸುಣ್ಣವನ್ನು ಎಷ್ಟೋ ಸಲ ತಾವೇ ತಂದುಕೊಟ್ಟಿದ್ದಾರೆ.

ಬಾಗಿಲು ತೆರೆದು ನಾದಿನಿ ಹೊರಗೆ ಬಂದಳು. ವರದಿ ಬರೆದು ಮುಗಿಸಿದ್ದಳು. ಈಗ ಮುಖ ದಣಿದಿತ್ತು. ದಣಿಯಲು ಇಷ್ಟು ಹೊತ್ತು ಸಮಯವಿರಲಿಲ್ಲ.

“ಕ್ಯಾಪ್ಟನ್ ಏನಂದ್ರು?” ಎಂದರು ಮೇಷ್ಟ್ರು.

“ಮೊದಲು ಎರಡೂ ಕಡೆ ಮುಳ್ಳು ಕುಣೀತಿತ್ತಂತೆ. ಎರಡನೇ ಸಲ ನೋಡಿ ಹೇಳಿದ್ದು ಒಳ್ಳೇದಾಯ್ತು, ಧೈರ್ಯ ಬಂತು ಅಂದ್ರು.”

ಮೇಷ್ಟ್ರ ಎದೆ ಒಂದಂಗುಲ ಅಗಲವಾಯಿತು. “ಎರಡನೇ ಸಲ ನೀನು ಹೋಗಿದ್ದು ನಾನು ಹೇಳಿದ್ದಕ್ಕೆ.”

“ಹೌದು ಭಾವ. ಪ್ರಯಾಣಿಕರು ಯಾರೇ ಹೇಳಲಿ, ಎಂಥವರೇ ಹೇಳಲಿ, ಹೋಗಿ ನೋಡಲೇಬೇಕು ಅಂತ ನಮಗೆ ಕಲಿಸಿದ್ದಾರೆ.”

ಅಗಲವಾದ ಎದೆ ತನ್ನ ಜಾಗಕ್ಕೆ ಬಂತು. ಇಬ್ಬರೂ ಹಾದಿ ಹಿಡಿದು ನಡೆದರು. ಮೇಷ್ಟ್ರೇ ಮತ್ತೆ ಕೇಳಿದರು.

“ಆ ಎಂಟು ನಿಮಿಷ. ಜಾಕೆಟ್ಟು. ಅದಿಲ್ದೆ ಇದ್ರೆ ಹಕ್ಕಿ ಸಿಗ್ತಿರಲಿಲ್ಲ ಅಲ್ವಾ?”

“ಹಕ್ಕಿಗೇನು ಟೈಮ್ ಟೇಬಲ್ ಇರುತ್ತಾ ಭಾವ. ಮುಂಚೆ ಹೋಗಿದ್ರೆ ಹತ್ತು ಸಿಗ್ತಿದ್ವೇನೋ.”

ಕೃತಜ್ಞತೆಯಿಂದ ಮೇಷ್ಟ್ರ ಕಣ್ಣು ಸ್ವಲ್ಪ ಒದ್ದೆಯಾಯಿತು. ಗಿರಣಿಯ ಕಥೆಯನ್ನು ಇನ್ನು ಹೇಳುವುದಿಲ್ಲ ಎನ್ನಬೇಕೆಂದುಕೊಂಡರು, ನಾಲಿಗೆ ಏಳಲಿಲ್ಲ. ಹಾದಿ ಕೊನೆಯಾಗಿ ಎರಡು ಕಡೆ ಒಡೆಯಿತು. ಕಾಫಿಯ ವಾಸನೆ ಎಲ್ಲಿಂದಲೋ ಬರುತ್ತಿತ್ತು. ಮಾತು ಬದಲಿಸಲು ಅದು ಸಾಕಾಯಿತು.

“ಕ್ಯಾಂಟೀನ್ ಯಾವ ಕಡೆ? ಎಡಕ್ಕಾ, ಬಲಕ್ಕಾ?”

ನಾದಿನಿ ನಿಂತಳು. ಅವರನ್ನು ಮೇಲಿಂದ ಕೆಳಗಿನವರೆಗೆ, ಅಟ್ಟೆ ಬಿಟ್ಟ ಬೂಟಿನವರೆಗೂ ನೋಡಿದಳು.

“ಯಾವ ಕಡೆ ಮುಖ ಮಾಡ್ಕೊಂಡು ಕೇಳ್ತಿದೀರಿ, ಸರ್?”